ಬಾಸೆಲಿಗೆ ಹೋದ ಬೇರಿನ ಗಂಟು

ಪುಣೆ, ಹೊರಡುವ ಮುಂಚೆ

ಯುರೋಪಿಗೆ ಹೋಗಿ ಬಂದವರು ಬರೆದದ್ದನ್ನು ನಾನೂ ಅಷ್ಟಿಷ್ಟು ಓದಿದ್ದೇನೆ. ಅವರ ಬರಹಗಳಲ್ಲಿ ಇಗರ್ಜಿಗಳ ಎತ್ತರ, ಚಿತ್ರಶಾಲೆಗಳ ಸೊಗಸು, ಅಂಗಡಿಗಳ ಝಗಮಗ ಎಲ್ಲ ಇರುತ್ತದೆ. ನನ್ನ ಬರಹದಲ್ಲಿ ಅದಕ್ಕೆ ಜಾಗ ಕಡಿಮೆ. ನಾನು ಹೋದದ್ದು ಒಂದು ಬೇರಿನ ಗಂಟಿನ ಬೆನ್ನು ಹತ್ತಿ; ಕಣ್ಣೆಲ್ಲ ಅದರ ಮೇಲೆಯೇ ಇತ್ತು. ಇಗರ್ಜಿ ನೋಡಬೇಕೆನ್ನುವವರು ಇನ್ನೊಬ್ಬರ ಪುಸ್ತಕ ತೆಗೆದುಕೊಳ್ಳುವುದು ಒಳ್ಳೆಯದು.

ನಾವು ಧಾರವಾಡದ ಕಡೆಯವರು. ನನ್ನ ಯಜಮಾನರು ಪುಣೆಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾರೆ. ಅವರ ಹೆಸರನ್ನು ನಾನು ಬಾಯಿಂದ ಹೇಳುವುದಿಲ್ಲ, ಇಲ್ಲಿ ಬರೆಯುವುದೂ ಇಲ್ಲ. ‘ಇವರು’ ಎಂದರೆ ಅವರೇ ಎಂದು ತಿಳಿದುಕೊಂಡರೆ ಸಾಕು. ಸದಾಶಿವ ಪೇಟೆಯಲ್ಲಿ, ಒಂದೇ ಅಂಗಳದ ಸುತ್ತ ಹಲವು ಸಂಸಾರಗಳಿರುವ ಒಂದು ವಾಡೆಯಲ್ಲಿ ನಮ್ಮ ಬಿಡಾರ. ಹೊಸ್ತಿಲ ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಮನೆಯಲ್ಲಿ ನಾವಿಬ್ಬರು, ನನ್ನ ಅತ್ತೆ, ಮತ್ತು ಗಂಡನನ್ನು ಕಳೆದುಕೊಂಡು ತವರಿಗೆ ಬಂದ ನಾದಿನಿ ಸುಭದ್ರಾ.

ಮಾವನವರು ತೀರಿಕೊಂಡದ್ದು ಊಟಕ್ಕೆ ಕುಳಿತಲ್ಲೇ. ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ. ತಲೆಯೊಳಗಿನ ರಕ್ತನಾಳ ಒಡೆಯಿತೆಂದು ಪೇಟೆಯ ಡಾಕ್ಟರರು ಹೇಳಿದರಂತೆ. ಇವರು ಆಗಿನ್ನೂ ಓದುತ್ತಿದ್ದರು. ಕೆಲವು ವರ್ಷಗಳ ಮೇಲೆ ಅದೇ ಡಾಕ್ಟರರು ಅತ್ತೆಯ ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಪಾದರಸ ಏರಿದ್ದನ್ನು ನೋಡಿ ಇನ್ನೊಮ್ಮೆ ಗಾಳಿ ತುಂಬಿದರು. ಇವರನ್ನು ಅಂಗಳಕ್ಕೆ ಕರೆದು, ತಾಯಿಗೂ ರಕ್ತದ ಒತ್ತಡ ಬಹಳವಿದೆ, ಯಾವ ಹೊತ್ತಿಗೆ ಏನಾದರೂ ಆಗಬಹುದು ಎಂದರು. ಔಷಧವೆಂದು ಅವರ ಹತ್ತಿರ ಹೆಚ್ಚೇನೂ ಇರಲಿಲ್ಲ. ವಿಶ್ರಾಂತಿ ಬೇಕು, ಉಪ್ಪು ಬೇಡ, ಸಿಟ್ಟು ಬೇಡ. ಮೂರೂ ಅತ್ತೆಯ ಜಾತಕದಲ್ಲಿ ಬರೆದಿರಲಿಲ್ಲ.

“ಉಪ್ಪಿಲ್ಲದ ಸಾರು ಉಂಡು ಭಾಳ ದಿನಾ ಬದುಕಿ ನಾ ಏನ ಮಾಡ್ಲಿ?” ಎಂದು ಅತ್ತೆ ಉಪ್ಪಿನ ಗಡಿಗೆಯನ್ನು ತಮ್ಮ ಕಡೆಗೇ ಎಳೆದುಕೊಂಡರು.

ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ. ತಲೆ ಸಿಡಿಯುತ್ತದೆ, ಕಿವಿಯಲ್ಲಿ ಗುಂಯ್ ಎನ್ನುತ್ತದೆ ಎಂದು ಎದ್ದು ಕೂಡುವರು, ಓಡಾಡುವರು, ನಸುಕಿಗೇ ಮಿಂದು ಮಡಿಯುಟ್ಟು ಕೆಲಸ ಹಿಡಿಯುವರು. ಇವರು ಈಚೆ ಕೋಣೆಯಲ್ಲಿ ಕಣ್ಣು ತೆರೆದು ಆ ಸಪ್ಪಳ ಕೇಳುತ್ತ ಮಲಗಿರುವರು. ಸಪ್ಪಳವಿದೆ ಎಂದರೆ ತಾಯಿ ಇದ್ದಾಳೆ ಎಂದರ್ಥ.

ಇವರಿಗೆ ಸರ್ಪಗಂಧಿಯ ಹುಚ್ಚು ಹಿಡಿದದ್ದು ಆಗಲೇ. ನಿದ್ದೆ ಬಾರದವರಿಗೆ, ಚಿತ್ತ ಕೆಟ್ಟವರಿಗೆ ನಮ್ಮ ವೈದ್ಯರು ಈ ಗಿಡದ ಬೇರನ್ನು ಬಹಳ ಕಾಲದಿಂದ ಕೊಡುತ್ತ ಬಂದಿದ್ದಾರೆ. ಅದರ ಕಹಿಯನ್ನು ನಮ್ಮ ದೇಶದವರೇ ಕೆಲವರು ಹರಳು ಮಾಡಿ ತೋರಿಸಿದ್ದರು. ಗಿಡಗಳಲ್ಲಿ ಇರುವ ಅಂಥ ಸತ್ವಕ್ಕೆ ಆಲ್ಕಲಾಯ್ಡ್ ಎನ್ನುತ್ತಾರೆ. ರಕ್ತನಾಳವೆಂದರೆ ಬರೀ ಕೊಳವೆಯಲ್ಲ, ಅದರ ಗೋಡೆಯಲ್ಲಿ ಸಣ್ಣ ಸ್ನಾಯುಗಳಿವೆ, ಅವು ಬಿಗಿದರೆ ದಾರಿ ಕಿರಿದಾಗಿ ಒತ್ತಡ ಏರುತ್ತದೆ. ಈ ಕಹಿಯು ಆ ಬಿಗಿತವನ್ನು ಸಡಿಲಿಸುತ್ತದೆಯೇ ಎಂಬುದು ಇವರ ಪ್ರಶ್ನೆ. ಎಲೆಅಡಿಕೆ ಚಂಚಿಯ ಬಾಯಿದಾರ ಸಡಿಲಿಸಿದ ಹಾಗೆ ಎಂದು ನನಗೆ ತಿಳಿಸಿ ಹೇಳಿದ್ದರು. ಅದನ್ನು ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಳ್ಳದೆ ತಾಯಿಗೆ ಒಂದು ಚಿಟಿಕೆ ಕೊಡಲೂ ಇವರಿಗೆ ಧೈರ್ಯವಿರಲಿಲ್ಲ.

ಸ್ವಿಟ್ಜರ್ಲೆಂಡಿನ ಬಾಸೆಲ್ ಎಂಬ ಊರಿನಲ್ಲಿ ಇಂಥದನ್ನು ಪರೀಕ್ಷಿಸುವ ಒಬ್ಬ ಹಿರಿಯ ಪ್ರೊಫೆಸರರಿದ್ದರು. ಇವರು ಕಾಗದ ಬರೆದು ಬರೆದು ಅವರನ್ನು ಒಪ್ಪಿಸಿದರು. ಬೇಸಿಗೆಯಲ್ಲಿ ಬನ್ನಿ, ಪುಡಿ ಬೇಡ, ಇಡೀ ಬೇರುಗಳನ್ನೇ ತನ್ನಿ ಎಂದು ಉತ್ತರ ಬಂತು. ಕಾಲೇಜು ರಜೆ ಕೊಟ್ಟಿತು. ನನ್ನನ್ನೂ ಕರೆದುಕೊಂಡು ಹೋಗಬೇಕೆಂದು ಹಟ ಹಿಡಿದವರು ಅತ್ತೆ.

“ಇಕಿನ್ನ ಬಿಟ್ಟು ಹೋದ್ರ ಅಲ್ಲೆ ನಿನಗ ಬ್ರೆಡ್ಡು ತಿನ್ನಿಸಿ ತಿನ್ನಿಸಿ ಕೊಲ್ಲತಾರ. ನನ್ನ ನೋಡಿಕೊಳ್ಳಿಕ್ಕೆ ಸುಭದ್ರಾ ಇದ್ದಾಳ. ಹೋಗ್ರಿ ಇಬ್ಬರೂ.”

ಬೇರು ಬಂದದ್ದು ಖಾನಾಪುರದ ಕಾಡಿನಿಂದ, ಇವರ ಸೋದರಮಾವನ ಕಡೆಯಿಂದ. ಚೀಲ ಬಿಚ್ಚಿದರೆ ಬೇರಿಗಿಂತ ಮಣ್ಣೇ ಹೆಚ್ಚು. ಇವರು ಪರೀಕ್ಷೆಯ ಕೆಲಸದಲ್ಲಿ ಕಾಲೇಜಿನಲ್ಲೇ ಇದ್ದ ದಿನಗಳು ಅವು. ಅತ್ತೆಗೆ ಆ ಮಣ್ಣನ್ನು ಸಹಿಸಲಾಗಲಿಲ್ಲ.

“ಪರದೇಶದ ಮಂದಿ ಬಿಚ್ಚಿ ನೋಡಿ ಏನಂದಾರು? ಆ ಮನ್ಯಾಗ ಹೆಣ್ಣಮಕ್ಕಳಿದ್ದಿಲ್ಲೇನು ಅಂತಾರ” ಎಂದು ನಳದ ಕೆಳಗೆ ಕುಳಿತು ಬೇರನ್ನೆಲ್ಲ ನೆನೆಹಾಕಿ, ಹಸಿ ಶುಂಠಿ ಕೆರೆಯುವ ಹಾಗೆ ಒಂದೊಂದನ್ನೇ ಕೆರೆದು, ಮಾಳಿಗೆಯ ಮೇಲೆ ಮಡಿಧೋತರ ಹಾಸಿ ಒಣಗಿಸಿದರು. ಕಡೆಗೆ ಬಿಳಿ ಚೀಲದಲ್ಲಿ ತುಂಬಿ ಬಾಯಿ ಹೊಲಿದರು. ವಾಡೆಯ ಹೆಂಗಸರೆಲ್ಲ ಬಂದು ನೋಡಿ, ಕಿತೀ ಸ್ವಚ್ಛ, ಎಷ್ಟು ಸ್ವಚ್ಛ ಎಂದು ಮರಾಠಿಯಲ್ಲಿ ಹೊಗಳಿ ಹೋದರು.

ಹಡಗಿನಲ್ಲಿ

ಸಮುದ್ರದ ವಿಷಯ ನನ್ನನ್ನು ಕೇಳಬೇಡಿ. ಮುಂಬಯಿಯ ದೀಪಗಳು ಮರೆಯಾದದ್ದೇ ತಡ, ನಾನು ಮಲಗಿದವಳು ಏಡನ್ ಬಂತೆಂದು ಇವರು ಎಬ್ಬಿಸಿದಾಗ ಎದ್ದೆ. ಹಡಗು ಇಟಲಿಯವರದು. ನಮ್ಮ ಕೋಣೆಯ ಕಡೆ ನೋಡಿಕೊಳ್ಳುತ್ತಿದ್ದ ಆಳು ಲಿಂಬೆಹೋಳು ತಂದು ಮೂಗಿನ ಹತ್ತಿರ ಹಿಡಿದು ಹಾಡು ಹೇಳುತ್ತಿದ್ದ. ಕಾಯಿಲೆಯವರ ಮುಂದೆ ಹಾಡುವುದು ಅವರಲ್ಲಿ ಉಪಚಾರವಂತೆ. ನಮ್ಮ ಪೇಟೆಯಲ್ಲಿ ಯಾರಾದರೂ ಹಾಗೆ ಮಾಡಿದರೆ ಮನೆಯವರು ಹೊಡೆದೇ ಓಡಿಸಿಯಾರು. ಆದರೆ ನಿಜ ಹೇಳಬೇಕೆಂದರೆ ಹಾಡಿನಿಂದ ನನಗೆ ಹಿತವಾಯಿತು.

ಕೆಂಪು ಸಮುದ್ರದಲ್ಲಿ ನಾನು ಸ್ವಲ್ಪ ಚೇತರಿಸಿಕೊಂಡು ಮೆಂತ್ಯದ ಹಿಟ್ಟಿನ ಡಬ್ಬಿ ತೆರೆದೆ. ಬಿಸಿ ಅನ್ನಕ್ಕೆ ಅದು, ಮೇಲೆ ಎಣ್ಣೆ. ಆ ವಾಸನೆಗೆ ನನ್ನ ಜೀವ ಮರಳಿ ಬಂತು. ಪಕ್ಕದ ಕೋಣೆಯ ದೊರೆಸಾನಿ ಎಲ್ಲೋ ಏನೋ ಸುಡುತ್ತಿದೆ ಎಂದು ಗಂಟೆ ಬಾರಿಸಿ ಹಡಗಿನ ಅಧಿಕಾರಿಯನ್ನೇ ಕರೆಸಿದಳು. ಅಧಿಕಾರಿ ಬಂದು ಮೂಸಿ, ಇವರು ಕೊಟ್ಟ ಒಂದು ಚಮಚೆ ತಿಂದು, ಮತ್ತೊಂದು ಚಮಚೆ ಕೇಳಿದ. ಇವರು ಮಾತ್ರ ಊಟ ತಿಂಡಿ ಯಾವುದರ ಮೇಲೂ ಲಕ್ಷ್ಯವಿಲ್ಲದೆ, ಬೇರಿನ ಚೀಲಕ್ಕೆ ಸಮುದ್ರದ ತೇವ ತಗುಲೀತೆಂದು ಅದನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗುತ್ತಿದ್ದರು.

ಗಡಿಯಲ್ಲಿ

ಜಿನೋವಾದಲ್ಲಿ ಇಳಿದು ರೈಲು ಹತ್ತಿದೆವು. ಇಟಲಿ ಮುಗಿದು ಸ್ವಿಟ್ಜರ್ಲೆಂಡ್ ಶುರುವಾಗುವ ಕಡೆ ಕಿಯಾಸೊ ಎಂಬ ಸ್ಟೇಶನ್ನು. ದೊಡ್ಡ ಪೆಟ್ಟಿಗೆಗಳನ್ನು ತೋರಿಸಲು ಇವರನ್ನು ರೈಲಿನ ಬಾಲದ ಕಡೆಗೆ ಕರೆದೊಯ್ದರು. ನಾನು ಗಾಡಿಯ ಡಬ್ಬಿಯಲ್ಲಿ ಒಬ್ಬಳೇ ಕುಳಿತಿದ್ದಾಗ ಮೀಸೆಯ ಅಧಿಕಾರಿಯೊಬ್ಬ ಬಂದು ಅರ್ಧಮರ್ಧ ಇಂಗ್ಲಿಷಿನಲ್ಲಿ ನನ್ನ ಹೆಸರು ಕೇಳಿದ. ಹೇಳಿದೆ. ಗಂಡನ ಹೆಸರೇನು ಎಂದ. ನಾನು ಸುಮ್ಮನಾದೆ.

ಅವನು ಮತ್ತೆ ಕೇಳಿದ. ನಾನು ನೆಲ ನೋಡಿದೆ. ನಮ್ಮ ಕಡೆ ಗಂಡನ ಹೆಸರು ಹೇಳಬೇಕೆಂದರೆ ಮದುವೆ ಮುಂಜಿಯಲ್ಲಿ ನಾಲ್ಕು ಹೆಂಗಸರು ಬಲವಂತ ಮಾಡಬೇಕು, ಒಡಪು ಕಟ್ಟಿ ಅದರೊಳಗೆ ಹೆಸರು ಸೇರಿಸಬೇಕು, ಎಲ್ಲರೂ ನಗಬೇಕು. ಹಾಡುಹಗಲು ಪೋಲೀಸು ಟೊಪ್ಪಿಗೆಯವನ ಮುಂದೆ ಬರಿದೇ ಹೆಸರು ಹೇಳಲು ನನ್ನ ನಾಲಿಗೆ ಏಳಲಿಲ್ಲ. ಗಂಡನ ಹೆಸರು ಗೊತ್ತಿಲ್ಲದ ಹೆಂಡತಿ ಇವಳೆಂಥವಳೆಂದು ಅವನಿಗೆ ಸಂಶಯ ಬಂದು, ಇನ್ನೊಬ್ಬನನ್ನು ಕೂಗಿ ಕರೆದ. ಕಡೆಗೆ ನಾನು ಮೇಲಿದ್ದ ಪೆಟ್ಟಿಗೆಯ ಕಡೆ ಬೆರಳು ತೋರಿಸಿದೆ. ಅದರ ಮೇಲೆ ಬಣ್ಣದಲ್ಲಿ ಬರೆದಿತ್ತು. ಆದರೆ ಸಂಶಯ ಹತ್ತಿದ ಮೇಲೆ ಬಿಟ್ಟಾರೆಯೇ? ಪೆಟ್ಟಿಗೆಯ ಪಕ್ಕದ ಬಿಳಿ ಚೀಲವನ್ನೂ ಇಳಿಸಿ ಹೊಲಿಗೆ ಬಿಚ್ಚಿದರು.

ಇವರು ಓಡುತ್ತ ಬರುವ ಹೊತ್ತಿಗೆ ಮೀಸೆಯವನು ಬಿಳಿ ಬೇರಿನ ತುಂಡೊಂದನ್ನು ಬಾಯಿಗಿಟ್ಟು ಕಚ್ಚುತ್ತಿದ್ದ. ಇವರು ನನ್ನ ಕಡೆ ನೋಡಿ ಮುಗುಳ್ನಕ್ಕರು.

“ಈಗ ನೋಡ ಅವನ ಮಾರಿ. ಕಹಿ ಅಂದ್ರ ಬೇವು ಸುಳ್ಳು ಮಾಡಬೇಕು, ಹಂಗ ಇರ್ತದ.”

ಮೀಸೆಯವನ ಮುಖ ಇದ್ದ ಹಾಗೆಯೇ ಇತ್ತು. ಕಡ್ಡಿ ಅಗಿದ ಹಾಗೆ ಅಗಿದು, ಉಗುಳಿ, ಹೋಗಬಹುದೆಂದು ಕೈ ಮಾಡಿದ. ಇವನಿಗೆ ತಂಬಾಕು ತಿಂದು ನಾಲಿಗೆ ಸತ್ತಿದೆ ಎಂದರು ಇವರು. ಬೇರು ಬೆಳ್ಳಗೆ ಕಂಡದ್ದಕ್ಕೆ, ಅವ್ವ ಎಷ್ಟು ಚೆನ್ನಾಗಿ ತೊಳೆದಿದ್ದಾಳೆ ನೋಡು ಎಂದು ಸಂತೋಷವನ್ನೂ ಪಟ್ಟರು. ಅಲ್ಲಿಯವರೆಗೆ ಇವರು ಕೆಲಸ ಮಾಡಿದ್ದು ಅಂಗಡಿಯಿಂದ ತಂದ ಪುಡಿಯಲ್ಲಿ. ಇಡೀ ಬೇರಿನ ಬಳಕೆ ಇವರಿಗೆ ಕಡಿಮೆ.

ಬಾಸೆಲ್

ಬಾಸೆಲಿನಲ್ಲಿ ನಾವು ಬಿಡಾರ ಮಾಡಿದ ಮನೆಯ ಒಡತಿ ವಿಧವೆ. ಹೆಸರು ಹೆಡ್ವಿಗ್. ನಾನು ಹೆಡ್ವಿಗಬಾಯಿ ಎಂದು ಕರೆಯುತ್ತಿದ್ದೆ, ಅವಳು ಓಗೊಡುತ್ತಿದ್ದಳು. ನಮಗೆ ಮೇಲಿನ ಅಂತಸ್ತಿನ ಎರಡು ಕೋಣೆ, ಅವಳ ಒಲೆಯ ಮೇಲೆ ಹೊತ್ತುಹೊತ್ತಿಗೆ ಅಡಿಗೆ ಮಾಡಿಕೊಳ್ಳುವ ಅನುಮತಿ.

ಇವರಿಗೆ ಜರ್ಮನ್ ಬರುತ್ತದೆಂದು ನಾನು ಪುಣೆಯಲ್ಲಿ ಎಲ್ಲರಿಗೂ ಹೇಳಿಕೊಂಡಿದ್ದೆ. ಬರುತ್ತಿದ್ದದ್ದು ರಸಾಯನಶಾಸ್ತ್ರದ ಪತ್ರಿಕೆಗಳ ಜರ್ಮನ್. ಸ್ನಾನಕ್ಕೆ ಬಿಸಿನೀರು ಕೇಳಲು ಹೋಗಿ, ಶುದ್ಧ ಜಲವನ್ನು ಕುದಿಯುವ ತನಕ ಕಾಯಿಸಿ, ಸೋಸಿ, ಬಿಸಿಯಾಗಿರುವಾಗಲೇ ಉಪಯೋಗಿಸತಕ್ಕದ್ದು ಎಂಬ ಅರ್ಥ ಬರುವ ಹಾಗೆ ಹೇಳಿದರಂತೆ. ಹೆಡ್ವಿಗಬಾಯಿ ಶಿಸ್ತಾಗಿ ನಿಂತು ಕೇಳಿಸಿಕೊಂಡು, ನಿಜವಾಗಿಯೂ ಬಟ್ಟೆಯಲ್ಲಿ ಸೋಸಿದ ನೀರು ತಂದುಕೊಟ್ಟಳು. ಮುಂದೆ ಮಾತಿನ ಕೆಲಸವನ್ನು ನಾನೇ ಕೈಬಾಯಿ ಮಾಡಿ ನಡೆಸಿದೆ.

ಆ ಊರಿನವರ ಚೊಕ್ಕತನ ನೋಡಿ ನನಗೆ ಅತ್ತೆಯ ನೆನಪಾಗುತ್ತಿತ್ತು. ಬೆಳಿಗ್ಗೆ ಎದ್ದವರೇ ಹಾಸಿಗೆ ರಜಾಯಿಗಳನ್ನೆಲ್ಲ ಕಿಟಕಿಯ ಮೇಲೆ ಹಾಕಿ ಬಡಿಯುತ್ತಾರೆ. ಮೆಟ್ಟಿಲು ತಿಕ್ಕುವುದಕ್ಕೆ ಮನೆಮನೆಗೂ ಪಾಳಿ. ಶನಿವಾರ ಅಂಗಳದ ಕಲ್ಲನ್ನೂ ಸೋಪು ಹಾಕಿ ತೊಳೆಯುತ್ತಾರೆ. ಅತ್ತೆ ಮತ್ತು ಹೆಡ್ವಿಗಬಾಯಿ ಒಂದೇ ಮನೆಯಲ್ಲಿದ್ದರೆ ಯಾರು ಯಾರನ್ನು ಮುಟ್ಟಬಾರದು ಎಂಬುದರ ಮೇಲೆ ಮಾತ್ರ ಜಗಳವಾದೀತು. ಉಳಿದ ವಿಷಯದಲ್ಲಿ ಇಬ್ಬರದೂ ಒಂದೇ ಮತ.

ಆದಿತ್ಯವಾರ ಅಲ್ಲಿ ಯಾವ ಕೆಲಸವನ್ನೂ ಮಾಡುವಂತಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಮೊದಲ ಆದಿತ್ಯವಾರ ಸೀರೆ ಒಗೆದು ಕಿಟಕಿಯಿಂದ ಇಳಿಬಿಟ್ಟೆ. ನಮ್ಮ ಇಳಕಲ್ ಸೀರೆಯ ಉದ್ದ ನಿಮಗೆ ಗೊತ್ತೇ ಇದೆ. ಅದು ಕೆಳಗಿನ ಮನೆಯವರ ಕಿಟಕಿಯನ್ನು ಮುಚ್ಚಿ, ಅವರ ಕೆಳಗಿನವರ ಹೂಕುಂಡವನ್ನೂ ಮುಟ್ಟಿತು. ಇಗರ್ಜಿಗೆ ಹೊರಟ ಜನ ಬೀದಿಯಲ್ಲಿ ನಿಂತು ಮೇಲೆ ನೋಡತೊಡಗಿದರು. ಹೆಡ್ವಿಗಬಾಯಿ ಏದುಸಿರು ಬಿಡುತ್ತ ಬಂದು ಸೀರೆಯನ್ನು ಮೇಲೆಳೆದಳು. ಎಳೆದಷ್ಟೂ ಬರುತ್ತಲೇ ಇತ್ತು. ಕಡೆಗೆ ಸಿಟ್ಟು ಮರೆತು, ಇಷ್ಟನ್ನೂ ಒಬ್ಬಳೇ ಉಡುತ್ತೀಯಾ ಎಂದು ಕೈಸನ್ನೆಯಲ್ಲಿ ಕೇಳಿದಳು. ಉಟ್ಟು ತೋರಿಸಿದೆ. ಅಂದಿನಿಂದ ನಾವು ಗೆಳತಿಯರಾದೆವು.

ಊರ ನಡುವೆ ರೈನ್ ಹೊಳೆ ಇದೆ. ಅದನ್ನು ದಾಟಲು ಒಂದು ದೋಣಿ. ಹುಟ್ಟೂ ಇಲ್ಲ, ಯಂತ್ರವೂ ಇಲ್ಲ. ದಡದಿಂದ ದಡಕ್ಕೆ ಕಟ್ಟಿದ ಹಗ್ಗಕ್ಕೆ ದೋಣಿಯನ್ನು ಬಿಗಿದಿರುತ್ತಾರೆ, ಹೊಳೆಯ ಸೆಳೆತವೇ ಅದನ್ನು ಆಚೆಗೆ ನೂಕುತ್ತದೆ. ನಮ್ಮ ಪುಣೆಯ ಹೊಳೆಗೆ ಲಕಡಿ ಪೂಲ್ ಎಂಬ ಸೇತುವೆಯ ಹತ್ತಿರ ಹೀಗೊಂದು ದೋಣಿ ಕಟ್ಟಿದರೆ ಮಳೆಗಾಲ ಬಿಟ್ಟು ಉಳಿದೆಲ್ಲ ಕಾಲ ಅದು ಎಮ್ಮೆಗಳ ನಡುವೆ ಕೆಸರಿನಲ್ಲಿ ಕುಳಿತಿರುತ್ತದೆ. ಇವರ ಪ್ರಯೋಗಶಾಲೆ ಆಚೆ ದಡದಲ್ಲಿ. ಮಧ್ಯಾಹ್ನ ನಾನು ಆ ದೋಣಿ ಹತ್ತಿ ಊಟದ ಡಬ್ಬಿ ಒಯ್ಯುತ್ತಿದ್ದೆ.

ಪ್ರಯೋಗಶಾಲೆಯಲ್ಲಿ

ಪ್ರೊಫೆಸರರಿಗೆ ಬಿಳಿ ಗಡ್ಡ, ಮೆಲ್ಲನೆಯ ಮಾತು. ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಹೆಂಗಸು ಎಂದು ನನ್ನನ್ನು ಹೊರಗೆ ನಿಲ್ಲಿಸದೆ, ಬಂದು ನೋಡಮ್ಮ ಎಂದು ಕರೆದರು. ಮೇಜಿನ ಮೇಲೆ ಮೊಲದ ಒಂದು ಕಿವಿ ಇತ್ತು. ಬರೀ ಕಿವಿ. ಮೊಲವನ್ನು ನೋವಾಗದಂತೆ ಕೊಂದಿದ್ದರಂತೆ. ನನಗೆ ಕಣ್ಣಲ್ಲಿ ನೀರು ಬಂತು. ಆದರೆ ಮನೆಯಲ್ಲಿ ಓಡಾಡುವ ಅತ್ತೆಯ ಸಪ್ಪಳ ನೆನಪಾಗಿ ಅಲ್ಲಿಯೇ ನಿಂತೆ.

ಆ ಕಿವಿಯ ನಾಳಕ್ಕೆ ಗಾಜಿನ ಸಣ್ಣ ನಳಿಗೆ ತೂರಿಸಿ ಬೆಚ್ಚನೆಯ ಉಪ್ಪುನೀರು ಬಿಟ್ಟಿದ್ದರು. ನೀರು ಕಿವಿಯ ನಾಳಗಳೆಲ್ಲ ಸುತ್ತಿ ಇನ್ನೊಂದು ತುದಿಯಿಂದ ತೊಟತೊಟ ತೊಟ್ಟಿಕ್ಕುತ್ತಿತ್ತು. ನಾಳ ಬಿಗಿಯುವ ಒಂದು ಮದ್ದನ್ನು ಪ್ರೊಫೆಸರರು ಆ ನೀರಿಗೆ ಸೇರಿಸಿದರು. ನೋಡನೋಡುತ್ತ ಹನಿಗಳು ವಿರಳವಾದವು. ಈಗ ಇವರು ನಮ್ಮ ಬೇರಿನಿಂದ ಇಳಿಸಿದ ಸತ್ವ ಸೇರಿಸಬೇಕು. ನಾಳ ಸಡಿಲವಾದರೆ ಹನಿ ಮತ್ತೆ ಬೇಗ ಬೇಗ ಬೀಳಬೇಕು. ಸೇರಿಸಿದರು.

ಹನಿ ಬೇಗ ಬೀಳಲಿಲ್ಲ. ಮರುದಿನ ಇನ್ನಷ್ಟು ಗಟ್ಟಿ ಮಾಡಿ ಹಾಕಿದರು, ಆಗಲೂ ಇಲ್ಲ. ಬೇರೆ ಕಿವಿ, ಬೇರೆ ಸೀಸೆ, ಎಲ್ಲ ನೋಡಿದ್ದಾಯಿತು. ಇವರು ಮನೆಗೆ ಬಂದು ಉಣ್ಣದೆ ಕಿಟಕಿಯಲ್ಲಿ ಕೂಡತೊಡಗಿದರು. ತಿಂಗಳು ಮುಗಿದರೆ ಪ್ರೊಫೆಸರರು ಬೇಸಿಗೆಯ ರಜೆ ಕಳೆಯಲು ಬೆಟ್ಟಕ್ಕೆ ಹೋಗುವವರು, ಪ್ರಯೋಗಶಾಲೆ ಮುಚ್ಚುವುದು, ನಮ್ಮ ಹಡಗೂ ಹೊರಡುವುದು.

“ಏನೂ ಇಲ್ಲೇನ್ರಿ ಅದರಾಗ?” ಎಂದು ಕೇಳಿದೆ.

“ಇಲ್ಲ ಅಂದ್ರ ಇಲ್ಲ. ಅವ್ವಗ ನಾ ಏನ ಹೇಳ್ಲಿ ಈಗ?” ಎಂದರು.

ಕಡೆಗೆ ಪ್ರೊಫೆಸರರು ತಮ್ಮ ಸ್ನೇಹಿತರಾದ ಒಬ್ಬ ಸಸ್ಯಶಾಸ್ತ್ರಜ್ಞರನ್ನು ಕರೆಸಿದರು. ಗಿಡವೇ ಬೇರೆಯಿರಬಹುದೆಂದು ಅವರ ಅನುಮಾನ. ಆತ ಬೇರನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿ, ಗಿಡ ಸರಿಯಾಗಿದೆ, ಆದರೆ ಇದರ ತೊಗಟೆ ಎಲ್ಲಿ ಎಂದು ಕೇಳಿದರು. ಇವರು ತಟ್ಟನೆ ನನ್ನ ಕಡೆ ತಿರುಗಿದರು.

“ಏ, ಇಲ್ಲೆ ಕೇಳು. ಅವ್ವ ಈ ಬೇರಿಗೆ ಏನ ಮಾಡಿದ್ಲು?”

“ಏನ ಮಾಡ್ತಾರ್ರಿ? ತೊಳದ್ರು.”

“ತೊಳದು?”

“ತೊಳದು ಕೆರದ್ರು. ಶುಂಠಿ ಕೆರದಂಗ. ಮಣ್ಣಿತ್ತಲ್ರಿ.”

“ಆ ಸಿಪ್ಪಿ ಏನಾತು?”

“ಸಿಪ್ಪಿ ಯಾರ ಇಟಗೋತಾರ? ಕಸದಾಗ ಹೋತು.”

ಇವರು ಕುರ್ಚಿಯ ಮೇಲೆ ಕುಳಿತರು. “ಕಹಿ ಎಲ್ಲಾ ಆ ಸಿಪ್ಪ್ಯಾಗ ಇರ್ತದ” ಎಂದರು. ಅಂಗಡಿಯ ಪುಡಿಯಲ್ಲಿ ತೊಗಟೆಯೂ ಸೇರಿ ಬರುತ್ತಿತ್ತು, ಆದ್ದರಿಂದ ಕಹಿ ಬೇರಿನ ಯಾವ ಭಾಗದ್ದೆಂದು ಇವರು ಯೋಚಿಸುವ ಪ್ರಸಂಗವೇ ಬಂದಿರಲಿಲ್ಲ. ಇಬ್ಬರು ಹಿರಿಯರೂ ಏನಾಯಿತೆಂದು ಕೇಳಿದಾಗ ಇವರು ಇಂಗ್ಲಿಷಿನಲ್ಲಿ, ನನ್ನ ತಾಯಿಗೆ ಕೊಳೆ ಸೇರುವುದಿಲ್ಲ ಎಂದು ಮಾತ್ರ ಹೇಳಿದರು.

ಮರಳಿ ಬರುವಾಗ ದೋಣಿಯಲ್ಲಿ ಇವರು ಮೊದಲು ನಕ್ಕರು. ಆಮೇಲೆ ಮುಖ ಆಚೆ ತಿರುಗಿಸಿಕೊಂಡರು. ಖಾನಾಪುರದಿಂದ ಮತ್ತೆ ಬೇರು ತರಿಸಲು ಹೊತ್ತಿರಲಿಲ್ಲ. ತನ್ನನ್ನು ಉಳಿಸಬಹುದಾದದ್ದನ್ನು ತಾಯಿ ತನ್ನ ಕೈಯಾರೆ, ಮಗನ ಮಾನ ಹೋಗಬಾರದೆಂದು, ಕೆರೆದು ಚೆಲ್ಲಿದ್ದಳು. ನನಗೆ ಅತ್ತೆಯ ಮೇಲೆ ಸಿಟ್ಟು ಬರಲಿಲ್ಲ. ಬೆನ್ನು ಬಾಗಿಸಿ ನಳದ ಕೆಳಗೆ ಕುಳಿತದ್ದೇ ಕಣ್ಣ ಮುಂದೆ ಬರುತ್ತಿತ್ತು.

ಹೆಡ್ವಿಗಬಾಯಿಯ ಅಡಿಗೆಮನೆ

ಮರುದಿನ ಆದಿತ್ಯವಾರ. ಉಳಿದ ಬೇರನ್ನು ಇವರು ಅಡಿಗೆಮನೆಯ ಮೇಜಿನ ಮೇಲೆ ಸುರಿದುಕೊಂಡು ಸುಮ್ಮನೆ ನೋಡುತ್ತಿದ್ದರು. ನಾನೂ ಒಂದನ್ನು ಕೈಗೆ ತೆಗೆದುಕೊಂಡೆ. ಅತ್ತೆಗೆ ಕಣ್ಣು ಮೊದಲಿನ ಹಾಗಿರಲಿಲ್ಲ. ಅವರು ಕೆರೆದ ಶುಂಠಿಯನ್ನು ನಾನು ಅವರಿಗೆ ತಿಳಿಯದ ಹಾಗೆ ಎರಡನೆಯ ಸಲ ಕೆರೆಯುತ್ತಿದ್ದೆ, ಶುಂಠಿಯ ಕವಲುಗಳ ಸಂದಿಯಲ್ಲಿ ಸಿಪ್ಪೆ ಉಳಿದಿರುತ್ತಿತ್ತು. ಇಲ್ಲಿಯೂ ಬೇರು ಕವಲೊಡೆದ ಕಡೆಯಲ್ಲಿ ಕಂದು ಗೆರೆ ಕಂಡಿತು.

“ಇದು ಸಿಪ್ಪೀನ ಅಲ್ಲೇನ್ರಿ?”

ಇವರು ನಾಲಿಗೆಗೆ ಹಚ್ಚಿ ನೋಡಿದರು. ಮುಖ ಕಿವುಚಿತು. ಆ ಮುಖ ನೋಡಿ ನನಗಾದ ಸಂತೋಷ ಹೇಳತೀರದು.

ತಲೆಯ ಪಿನ್ನು ತೆಗೆದು ನಾನು ಕೆರೆಯಲು ಕುಳಿತೆ, ಇವರು ಚಾಕುವಿನ ಮೊನೆ ಹಿಡಿದರು. ಹೆಡ್ವಿಗಬಾಯಿ ಬಂದು ನೋಡಿ, ಆದಿತ್ಯವಾರ ಇದೇನು ಕೆಲಸ ಎಂದು ಹುಬ್ಬು ಗಂಟು ಹಾಕಿದಳು. ಇವರು ತಮ್ಮ ಪತ್ರಿಕೆಯ ಜರ್ಮನಿನಲ್ಲಿ ಏನೇನೋ ವಿವರಿಸಿದರು; ಅವಳಿಗೆ ತಿಳಿದದ್ದು ತಾಯಿ, ರಕ್ತ ಎಂಬ ಎರಡು ಮಾತು. ಅವಳು ಹೊರಗೆ ಹೋದಳು. ಬೀದಿಯ ಕಡೆಯ ಕಿಟಕಿಗಳನ್ನೆಲ್ಲ ಒಂದೊಂದಾಗಿ ಮುಚ್ಚಿ, ಯಾರಿಗೂ ಕಾಣದೆಂದು ಖಾತ್ರಿ ಮಾಡಿಕೊಂಡು, ಹೊಲಿಗೆಯ ಸೂಜಿಗಳನ್ನೂ ತೀರಿಹೋದ ಗಂಡ ಓದಲು ಬಳಸುತ್ತಿದ್ದ ಭೂತಗನ್ನಡಿಯನ್ನೂ ತಂದು ನಮ್ಮ ಜೊತೆಗೆ ಕುಳಿತಳು. ಮೂವರೂ ತಲೆ ಬಗ್ಗಿಸಿ ಸಂಜೆಯವರೆಗೆ ಕೆರೆದೆವು. ಅವಳ ಚೀನೀ ತಟ್ಟೆಯ ತಳದಲ್ಲಿ ಒಂದು ಚಿಟಿಕೆ ನಶ್ಯದಷ್ಟು ಕಂದು ಪುಡಿ ಕೂಡಿತು.

ಅಷ್ಟರಲ್ಲಿ ಒಂದೇ ಒಂದು ಪರೀಕ್ಷೆ ಮಾಡಬಹುದು ಎಂದರು ಪ್ರೊಫೆಸರರು. ಸತ್ವ ಇಳಿಸಿ ಸಿದ್ಧವಾದ ದಿನ ನಾನೂ ಹೋದೆ. ಬಿಗಿಯುವ ಮದ್ದು ಹಾಕಿದರು, ಹನಿ ನಿಧಾನವಾಯಿತು. ಇವರು ಪುಟ್ಟ ನಳಿಗೆಯಿಂದ ನಮ್ಮ ಕಂದು ನೀರನ್ನು ಬಿಟ್ಟರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ನಾನು ಮನಸ್ಸಿನಲ್ಲೇ ಮನೆದೇವರನ್ನು ಕರೆದೆ. ಒಂದು ಹನಿ ಬಿತ್ತು. ಅದರ ಬೆನ್ನಿಗೆ ಇನ್ನೊಂದು. ಆಮೇಲೆ ಅವು ಒಂದನ್ನೊಂದು ಅಟ್ಟಿಸಿಕೊಂಡು ಬಂದವು. ಬೆಳ್ಳಗಿದ್ದ ಕಿವಿಯ ಗೆರೆಗಳು ಅಗಲವಾದಂತೆ ನನಗೆ ಕಂಡಿತು, ಪ್ರೊಫೆಸರರೂ ತಲೆಯಾಡಿಸಿದರು. ಇವರು ಎಲ್ಲರ ಮುಂದೆ ನನ್ನ ಕೈ ಹಿಡಿದುಕೊಂಡರು. ನಮ್ಮ ಮದುವೆಯಾದಂದಿನಿಂದ ನಾಲ್ಕು ಜನರ ಎದುರು ಇವರು ಹಾಗೆ ಮಾಡಿರಲಿಲ್ಲ.

ಹೊರಡುವಾಗ ಪ್ರೊಫೆಸರರು ಇವರಿಗೆ ಒಂದು ಮಾತು ಹೇಳಿದರು. ನೀವು ನೋಡಿದ್ದು ಒಂದು ಕಿವಿ. ಅದಕ್ಕೆ ಹೃದಯವಿಲ್ಲ, ಮನಸ್ಸಿಲ್ಲ, ನಿಮ್ಮ ತಾಯಿಗೆ ಎರಡೂ ಇವೆ, ಆದ್ದರಿಂದ ಡಾಕ್ಟರನ್ನು ಪಕ್ಕದಲ್ಲಿಟ್ಟುಕೊಂಡು ಅವಸರವಿಲ್ಲದೆ ಕೊಡಿ ಎಂದರು. ಹೆಡ್ವಿಗಬಾಯಿ ಸ್ಟೇಶನ್ನಿಗೆ ಬಂದು ಅತ್ತೆಗೆಂದು ಒಂದು ಸೋಪಿನ ಬಿಲ್ಲೆ ಕೊಟ್ಟಳು.

ಮತ್ತೆ ಪುಣೆ

ಟಾಂಗಾ ಇಳಿದು ಒಳಗೆ ಕಾಲಿಡುವುದರೊಳಗೆ ಅತ್ತೆ ಕೇಳಿದ ಮೊದಲ ಮಾತು, “ಬೇರು ನೋಡಿ ಏನಂದ್ರೋ ಆ ಮಂದಿ?”

ನಾನು ಇವರ ಮುಖ ನೋಡಿದೆ. ಇವರು ಪೇಟ ತೆಗೆದು ಗೂಟಕ್ಕೆ ಹಾಕುತ್ತ, “ಇಷ್ಟು ಸ್ವಚ್ಛ ಬೇರು ಅವರು ಹುಟ್ಟಿದಾಗಿಂದ ನೋಡಿದ್ದಿಲ್ಲಂತವ್ವ” ಎಂದರು. ಅತ್ತೆ ಆ ಮಾತನ್ನು ಸಂಜೆಯೊಳಗೆ ಇಡೀ ವಾಡೆಗೆ ಮುಟ್ಟಿಸಿದರು.

ಖಾನಾಪುರದಿಂದ ಹೊಸ ಬೇರು ಬಂತು. ಈ ಸಲ ಚೀಲ ಮನೆಗೆ ಬರಲೇ ಇಲ್ಲ, ನೇರ ಕಾಲೇಜಿಗೆ ಹೋಯಿತು. ಪೇಟೆಯ ಡಾಕ್ಟರರಿಗೆ ಇವರು ಎಲ್ಲವನ್ನೂ ವಿವರಿಸಿ ಒಪ್ಪಿಸಿದರು. ತೂಗಿ ಕಟ್ಟಿದ ಪುಡಿ, ಅಕ್ಕಿಕಾಳಿಗಿಂತ ಕಡಿಮೆ, ಜೇನಿನಲ್ಲಿ. ಮೊದಲ ಸಲ ಅದನ್ನು ತಾಯಿಯ ಅಂಗೈಗೆ ಹಾಕುವಾಗ ಇವರ ಮುಖದಲ್ಲಿ ರಕ್ತವಿರಲಿಲ್ಲ.

“ಯಾಕೋ ಹಿಂಗ ನೋಡತಿ? ವಿಷಾ ಕೊಡಾಕತ್ತೀಯೇನು?” ಎಂದು ಅತ್ತೆ ನಕ್ಕು ನೆಕ್ಕಿದರು. “ಇಶ್ಶೀ, ಕಹಿ ಅಂದ್ರ ಕಹಿ” ಎಂದು ಬಾಯಿ ಸೊಟ್ಟ ಮಾಡಿದರು.

ಮೊದಮೊದಲು ಏನೂ ಆಗಲಿಲ್ಲ. ಮೂಗು ಕಟ್ಟುತ್ತದೆ ಎಂದು ಮಾತ್ರ ಗೊಣಗಿದರು. ಡಾಕ್ಟರರು ಬಂದು ನಾಡಿ ನೋಡುವರು, ಪಟ್ಟಿ ಸುತ್ತುವರು, ಇನ್ನೂ ನೋಡೋಣ ಎನ್ನುವರು. ಬರಬರುತ್ತ ಪಾದರಸ ಮೊದಲಿನಷ್ಟು ಏರುತ್ತಿಲ್ಲ ಎಂದರು. ಇವರು ನಂಬಲಿಲ್ಲ. ತಪ್ಪು ನೋಡಿರಬಹುದು, ಇನ್ನೊಮ್ಮೆ ನೋಡಿ ಎಂದು ಅವರ ಜೀವ ತಿನ್ನುತ್ತಿದ್ದರು.

ದೀಪಾವಳಿ ಮುಗಿದು ಚಳಿ ಬಿದ್ದ ಮೇಲಿನ ಮಾತು. ಒಂದು ಬೆಳಿಗ್ಗೆ ನನಗೆ ಎಚ್ಚರವಾದಾಗ ಕಿಟಕಿಯಲ್ಲಿ ಬಿಸಿಲು ಬಂದಿತ್ತು. ಮನೆಯಲ್ಲಿ ಸಪ್ಪಳವೇ ಇರಲಿಲ್ಲ. ಪಾತ್ರೆಯ ಸದ್ದಿಲ್ಲ, ದೇವರ ಹಾಡಿಲ್ಲ, ಹೆಜ್ಜೆಯಿಲ್ಲ. ಇವರು ಅತ್ತೆಯ ಕೋಣೆಯ ಬಾಗಿಲ ಹೊರಗೆ ನಿಂತಿದ್ದರು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಹೋಗಿರಲಿಲ್ಲ.

“ಎದ್ದಿಲ್ಲ” ಎಂದರು. “ನಾ ಭಾಳ ಕೊಟ್ಟೆನೇನೋ. ನೀ ಹೋಗಿ ನೋಡು. ನನ್ನ ಕೈಲೆ ಆಗವಲ್ದು.”

ನಾನು ಒಳಗೆ ಹೋದೆ. ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು, ರಜಾಯಿ ಕಿವಿಯವರೆಗೆ ಹೊದ್ದಿದ್ದರು. ಕೈ ಮುಂದೆ ಮಾಡಲು ನನಗೂ ಭಯವಾಯಿತು. ಭುಜ ಮುಟ್ಟಿದೆ. ಬೆಚ್ಚಗಿತ್ತು.

“ಅತ್ತಿ... ಏಳ್ರಿ.”

ಒಂದು ಕಣ್ಣು ಅರ್ಧ ತೆರೆಯಿತು. “ಯಾಕ? ಮನಿಗೆ ಬೆಂಕಿ ಹತ್ತೇದೇನು? ಎಷ್ಟೋ ವರ್ಷಕ್ಕ ನಿದ್ದಿ ಹತ್ತೇದ, ಮಲಗಗೊಡ್ರಿ ಒಂದಷ್ಟು” ಎಂದು ಆ ಕಡೆ ಹೊರಳಿದರು.

ನಾನು ತಿರುಗಿ ನೋಡಿದೆ. ಇವರು ಹೊಸ್ತಿಲ ಮೇಲೆ ಕುಳಿತುಬಿಟ್ಟಿದ್ದರು. ಅಂಗವಸ್ತ್ರವನ್ನು ಬಾಯಿಗೆ ಒತ್ತಿಕೊಂಡು, ಸದ್ದಾಗದ ಹಾಗೆ, ಮಗುವಿನ ಹಾಗೆ ಅಳುತ್ತಿದ್ದರು. ನಾನೂ ಅವರ ಪಕ್ಕದಲ್ಲಿ ಕುಳಿತೆ. ಒಳಗೆ ಅತ್ತೆ ಗೊರಕೆ ಹೊಡೆಯತೊಡಗಿದರು.